ಒಂದೇ ಸಾಲನ್ನು ಮತ್ತೆ ಮತ್ತೆ ಟೈಪ್ ಮಾಡುವವರಿಗೆ

ಮೇಡಂ, ಅದೇ ಉದ್ದನೆಯ ಹುದ್ದೆಯ ಹೆಸರು, ಅದೇ ಪ್ಯಾರಾ ದಿನಾ ಟೈಪ್ ಮಾಡಿ ಸಾಕಾಗಿದೆ, ಸುಲಭದ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ವರ್ಡ್‌ನಲ್ಲೇ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ.

ಚಿಕ್ಕ ಪದಗಳಿಗೆ ಆಟೋಕರೆಕ್ಟ್ (ಬರೆದ ಪದವನ್ನು ತಾನೇ ಬದಲಿಸುವ ಸೌಲಭ್ಯ) ಸಾಕು. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ. ‘ರಿಪ್ಲೇಸ್’ ಜಾಗದಲ್ಲಿ ‘ಕಾನಿ’, ‘ವಿತ್’ ಜಾಗದಲ್ಲಿ ‘ಕಾರ್ಯನಿರ್ವಾಹಕ ನಿರ್ದೇಶಕರು’ ಅಂತ ಬರೆದು ‘ಆ್ಯಡ್’ ಒತ್ತಿ. ಆಮೇಲೆ ‘ಕಾನಿ’ ಬರೆದು ಸ್ಪೇಸ್ ಕೊಟ್ಟರೆ ಪೂರ್ತಿ ಹೆಸರು ಬರುತ್ತದೆ.

ಕನ್ನಡದಲ್ಲಿ ಒಂದು ತೊಡಕಿದೆ. ವರ್ಡ್ ಇಡೀ ಪದ ಹೊಂದಿದರೆ ಮಾತ್ರ ಬದಲಾಯಿಸುತ್ತದೆ. ನಮ್ಮ ಪದಗಳಿಗೋ ಬಾಲ ಜಾಸ್ತಿ. ‘ಕಾನಿಗೆ’ ಅಂತ ಬರೆದರೆ ಅದು ಹಾಗೇ ಉಳಿಯುತ್ತದೆ. ಅದಕ್ಕೆ ‘ಕಾನಿಗೆ’ ಎದುರು ‘ಕಾರ್ಯನಿರ್ವಾಹಕ ನಿರ್ದೇಶಕರಿಗೆ’, ‘ಕಾನಿಂದ’ ಎದುರು ‘ಕಾರ್ಯನಿರ್ವಾಹಕ ನಿರ್ದೇಶಕರಿಂದ’ ಅಂತ ಬೇರೆ ಬೇರೆಯಾಗಿ ಸೇರಿಸಿ. ನೀವು ನಿಜವಾಗಿ ಬಳಸುವ ಮೂರು ನಾಲ್ಕು ರೂಪ ಸಾಕು. ಎಲ್ಲ ವಿಭಕ್ತಿಗಳನ್ನೂ ತುಂಬಲು ಹೋಗಬೇಡಿ.

ಸೇರಿಸಿದರೂ ಕೆಲಸ ಮಾಡದಿದ್ದರೆ ಭಾಷೆ ನೋಡಿ. ಆಟೋಕರೆಕ್ಟ್ ಪಟ್ಟಿ ಒಂದೊಂದು ಭಾಷೆಗೆ ಒಂದೊಂದು. ಆ ಪಟ್ಟಿಯ ಕಿಟಕಿಯ ತಲೆಯ ಮೇಲೆ ಇಂಗ್ಲಿಷ್ ಅಂತಿದ್ದರೆ ನಿಮ್ಮ ಕನ್ನಡ ಬರಹಕ್ಕೆ ಅದು ತಾಗದೇ ಇರಬಹುದು. ಮೊದಲು ಕರ್ಸರನ್ನು ಕನ್ನಡ ಸಾಲಿನಲ್ಲಿಟ್ಟು, ಕೀಬೋರ್ಡನ್ನೂ ಕನ್ನಡಕ್ಕೆ ಬದಲಿಸಿ, ಆಮೇಲೆ ತೆರೆಯಿರಿ.

ಇನ್ನೊಂದು, ಬಳಕೆಯ ಪದವನ್ನೇ ಶಾರ್ಟ್‌ಕಟ್ ಮಾಡಬೇಡಿ. ‘ಕಾರ್ಯದರ್ಶಿ’ಗೆ ‘ಕಾರ್’ ಅಂತ ಇಟ್ಟರೆ ಒಂದು ದಿನ ‘ಕಾರ್ಯದರ್ಶಿ ಮಾರಾಟಕ್ಕಿದೆ’ ಅಂತ ಪತ್ರ ಹೋಗುತ್ತದೆ! ಬೇಡದ ಕಡೆ ಬದಲಾದರೆ ಕೂಡಲೇ ಕಂಟ್ರೋಲ್ ಝಡ್ ಒತ್ತಿ, ನೀವು ಬರೆದದ್ದೇ ವಾಪಸ್ ಬರುತ್ತದೆ.

ಕೆಲವರು ಇಡೀ ಪ್ಯಾರಾವನ್ನೂ ಆಟೋಕರೆಕ್ಟ್‌ಗೇ ಹಾಕಿ ಅನ್ನುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಸಾದಾ ಪಠ್ಯಕ್ಕೆ ಅಲ್ಲಿ 255 ಅಕ್ಷರಗಳ ಮಿತಿ ಇದೆ. ಪ್ಯಾರಾಗೆ ಆಟೋಟೆಕ್ಸ್ಟ್ (ಹೆಸರು ಕೊಟ್ಟು ಉಳಿಸಿಟ್ಟ ಪಠ್ಯವನ್ನು ಬೇಕಾದಾಗ ಹಾಕುವ ಸೌಲಭ್ಯ) ವಾಸಿ. ಪ್ಯಾರಾ ಸೆಲೆಕ್ಟ್ ಮಾಡಿ, ಆಲ್ಟ್ ಹಿಡಿದು ಎಫ್3 ಒತ್ತಿ, ಒಂದು ಚಿಕ್ಕ ಹೆಸರು ಕೊಡಿ. ಬೇಕಾದಾಗ ಆ ಹೆಸರು ಬರೆದು ಎಫ್3 ಒತ್ತಿದರೆ ಬೋಲ್ಡ್, ಇಟಾಲಿಕ್ ಸಮೇತ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್ ಕೀ ಹಿಡಿಯಬೇಕು. ವರ್ಡ್ ಮುಚ್ಚುವಾಗ ಬಿಲ್ಡಿಂಗ್ ಬ್ಲಾಕ್ಸ್ (ಅಂದರೆ ನೀವು ಹೀಗೆ ಉಳಿಸಿದ ಪ್ಯಾರಾಗಳು) ಸೇವ್ ಮಾಡಲೇ ಅಂತ ಕೇಳಿದರೆ ಹೂಂ ಅನ್ನಿ. ಸುಮ್ನೆ ಬೇಡ ಅಂದರೆ ಆಗ ಹೊಸದಾಗಿ ಸೇರಿಸಿದ್ದೆಲ್ಲ ಹೋಗುತ್ತದೆ.

ವರ್ಡ್ ಬದಲು ಲಿಬ್ರೆಆಫೀಸ್ ಬಳಸುವವರಿಗೆ: ಆಟೋಟೆಕ್ಸ್ಟ್ ತೆರೆಯಲು ಕಂಟ್ರೋಲ್ ಎಫ್3, ಹಾಕಲು ಅಲ್ಲೂ ಎಫ್3. ಗೂಗಲ್ ಡಾಕ್ಸ್‌ನಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಸಬ್‌ಸ್ಟಿಟ್ಯೂಷನ್ಸ್ ನೋಡಿ.