ಪೀಣ್ಯದ ನಮ್ಮ ಸಣ್ಣ ಕಾರ್ಖಾನೆಗೆ ನುರಿತ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್‌ಗಳು ಸಿಗುತ್ತಿಲ್ಲ. ಏನು ಮಾಡಬಹುದು?

ಮೊದಲು ನಿಮ್ಮ ಜಾಹೀರಾತನ್ನೇ ನೋಡಿ. ಐದು ವರ್ಷದ ಅನುಭವ ಬೇಕು, ಸಂಬಳ ಮಾತ್ರ ಹೊಸಬರದ್ದು ಎಂದಿದ್ದರೆ ಅದು ಕೌಶಲದ ಕೊರತೆಯಲ್ಲ, ಚೌಕಾಸಿ.

ನಿಜವಾಗಿಯೂ ಜನ ಸಿಗದಿದ್ದರೆ ತಯಾರು ಮಾಡಿಕೊಳ್ಳುವುದೇ ದಾರಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿದ್ದರೆ ಅದು ನಿಮ್ಮ ಇಷ್ಟ. ಸ್ಟೈಪೆಂಡ್‌ನ ಒಂದು ಪಾಲನ್ನು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ಭರಿಸುತ್ತದೆ. ಸಣ್ಣ ಮಾಲೀಕರು ಅರ್ಜಿಯ ತಾಪತ್ರಯಕ್ಕೆ ಹೆದರಿ ಇದನ್ನು ಕೈಬಿಡುತ್ತಾರೆ, ಪಾಪ.

ಐಟಿಐ ಮುಗಿಸಿದ ಹುಡುಗನಿಗೆ ಅಳತೆಯ ವರ್ನಿಯರ್ ಹಿಡಿಯಲು ಬರುತ್ತದೆ, ಡ್ರಾಯಿಂಗ್ ಓದಲೂ ಬರುತ್ತದೆ. ಬಾರದಿರುವುದು ಬೇರೆ: ಟೂಲ್ ಸವೆದು ಅಳತೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಜಾರತೊಡಗಿದಾಗ ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಅಳತೆಯ ಹೊಂದಾಣಿಕೆ) ತಿದ್ದಬೇಕೋ, ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಬದಲಿಸಬೇಕೋ ಎಂಬ ತೀರ್ಮಾನ. ಅದನ್ನು ಕಲಿಸಬಲ್ಲವರು ನಿಮ್ಮಲ್ಲೇ ಇರುವ ಹಿರಿಯ ಆಪರೇಟರ್. ಆದರೆ ಅವರಿಗೆ ದಿನದ ಉತ್ಪಾದನಾ ಗುರಿಯನ್ನು ಕಡಿಮೆ ಮಾಡದೆ, ಭತ್ಯೆಯನ್ನೂ ಕೊಡದೆ "ಇವನಿಗೂ ಸ್ವಲ್ಪ ಹೇಳಿಕೊಡಿ" ಎಂದರೆ ಯಾರು ಕಲಿಸುತ್ತಾರೆ?

ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಅಲ್ಪಾವಧಿ ಕೋರ್ಸ್‌ಗಳಿಗೆ ಈಗಿರುವ ಸಹಾಯಕರನ್ನೇ ಕಳುಹಿಸಬಹುದು. ಕಲಿತವರು ಪಕ್ಕದ ಶೆಡ್‌ಗೆ ಹಾರುತ್ತಾರೆ ಎಂಬ ಭಯ ಸುಳ್ಳಲ್ಲ. ಹಾಗಾಗಿ ತರಬೇತಿ ಮುಗಿದ ತಿಂಗಳೇ ಸಂಬಳ ಏರಿಸಿ, ದೀಪಾವಳಿಯವರೆಗೆ ಕಾಯಿಸಬೇಡಿ.