ಬಾಯಲ್ಲಿ ‘ನಿನ್ನ ಚಿತ್ತ’, ಮನಸ್ಸಲ್ಲಿ ‘ಹೋಗದಿರಲಿ’

ಮಂಡ್ಯದ ಸಹೋದರಿಯೊಬ್ಬರ ಪತ್ರದ ಸಾರ: ಗಂಡ ತೀರಿಕೊಂಡಿದ್ದಾರೆ. ಒಬ್ಬಳೇ ಮಗಳು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಜರ್ಮನಿಯಲ್ಲಿ ಕೆಲಸ ಮಾಡಬೇಕೆಂಬುದು ಅವಳ ಆಸೆ. ಅದಕ್ಕೆ ಬೇಕಾದ ಬಿ2 ಮಟ್ಟದ ಜರ್ಮನ್ ಪರೀಕ್ಷೆಯಲ್ಲಿ ಮಾತಾಡುವ ಭಾಗದಲ್ಲಿ ಫೇಲಾದಳು. ‘ಅವಳು ಅಳ್ತಾ ಕೂತಿದ್ದಳು. ನಾನು ಅಡುಗೆಮನೆಗೆ ಹೋಗಿ ಸ್ತೋತ್ರ ಕರ್ತನೇ ಅಂದೆ. ಚರ್ಚಿನ ಸಭೆಯಲ್ಲಿ ಮಾತ್ರ ನಿನ್ನ ಚಿತ್ತದಂತೆ ಆಗಲಿ ಅಂತ ಪ್ರಾರ್ಥಿಸ್ತೀನಿ. ಇದು ಸುಳ್ಳು ಪ್ರಾರ್ಥನೆ ಅಲ್ವಾ? ಅವಳು ಹೋಗದಿರಲಿ ಅನ್ನೋ ಆಸೆ ಬಿಡೋದು ಹೇಗೆ?’

ಪ್ರಿಯ ಸಹೋದರಿಯವರೇ,

ಹೌದು, ಸುಳ್ಳೇ. ಆದರೆ ಸುಳ್ಳು ಹೇಳಿದ್ದು ಸಭೆಯಲ್ಲಿ, ಅಡುಗೆಮನೆಯಲ್ಲಲ್ಲ. ಅಲ್ಲಿ ನೀವು ಮನಸ್ಸಿನಲ್ಲಿದ್ದದ್ದನ್ನೇ ದೇವರ ಮುಂದೆ ಆಡಿದಿರಿ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಏನೂ ಕೇಳದೆ ನೇರ ‘ನಿನ್ನ ಚಿತ್ತ’ ಎಂದುಬಿಡುವ ರೂಢಿ ನಮ್ಮಲ್ಲಿ ಜಾಸ್ತಿಯಾಗಿದೆ. ಕೇಳಿ ಸಿಗದಿದ್ದರೆ ಬೇಜಾರು. ಕೇಳಿದರೆ ಆಸೆಬುರುಕರು ಅನ್ನಿಸಿಕೊಳ್ಳುವ ಭಯ. ಯೇಸು ಹಾಗೆ ಮಾಡಲಿಲ್ಲ. ಮತ್ತಾಯ 26ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಮೊದಲ ಸಲ ಆತ ಕೇಳಿದ್ದು, ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನನ್ನು ಬಿಟ್ಟುಹೋಗಲಿ ಎಂದು. ‘ಆದರೂ ನಿನ್ನ ಚಿತ್ತ’ ಅನ್ನುವುದು ಅದರ ಹಿಂದೆ ಬರುತ್ತದೆ. ಎದ್ದು ಹೋಗಿ ನೋಡಿದರೆ ಶಿಷ್ಯರಿಗೆ ನಿದ್ದೆ. ವಾಪಸ್ ಬಂದು ಎರಡನೇ ಸಲ ಪ್ರಾರ್ಥಿಸುವಾಗ ಮಾತು ಬದಲಾಗಿದೆ: ನಾನು ಕುಡಿಯದೆ ಇದು ಹೋಗುವುದಿಲ್ಲ ಅಂತಾದರೆ, ನಿನ್ನ ಚಿತ್ತವೇ ಆಗಲಿ. ಮೂರನೇ ಸಲವೂ ಅದನ್ನೇ ಹೇಳಿದ. ಆತನೇ ಮೂರು ಸಲ ಮೊಣಕಾಲೂರಿದ ಮೇಲೆ, ನೀವು ಒಂದೇ ಸಲಕ್ಕೆ ಆಸೆ ಬಿಟ್ಟುಬಿಡಬೇಕು ಅಂತ ಯಾರು ಹೇಳಿದ್ದು?

ನಿಮ್ಮ ಪತ್ರ ಓದುವಾಗ ನನಗೆ ಜಾಸ್ತಿ ನೆನಪಾದವಳು ಹಳೆಯ ಒಡಂಬಡಿಕೆಯ ಹನ್ನ, ಪ್ರವಾದಿ ಸಮುವೇಲನ ತಾಯಿ. ಮಗು ಬೇಕು ಅಂತ ಅವಳು ಶೀಲೋವಿನಲ್ಲಿ ಅತ್ತ ಪರಿಗೆ, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಇಲ್ಲ, ನನ್ನ ಮನಸ್ಸನ್ನು ಕರ್ತನ ಮುಂದೆ ಹೊಯ್ದುಕೊಳ್ಳುತ್ತಿದ್ದೇನೆ ಅಂದಳು. ಏಲಿ ಹರಸಿ ಕಳಿಸಿದ, ಅಷ್ಟೇ. ಅವಳು ಹೋಗಿ ಊಟ ಮಾಡಿದಳು, ಮುಖ ಬಾಡಿದ್ದದ್ದು ಸರಿಯಾಯಿತು. ಆಗಿನ್ನೂ ಸಮುವೇಲ ಹುಟ್ಟಿರಲಿಲ್ಲ. ಅವನು ಹುಟ್ಟಿ, ಮೊಲೆ ಬಿಟ್ಟ ಮೇಲೆ ಅವನನ್ನು ದೇವಾಲಯದಲ್ಲಿ ಬಿಟ್ಟು ಬಂದಳು. ಆದರೆ 1 ಸಮುವೇಲ 2:19 ನೋಡಿ. ಪ್ರತಿ ವರ್ಷ ಒಂದು ಚಿಕ್ಕ ಅಂಗಿ ಮಾಡಿ ಅವನಿಗೆ ಒಯ್ದು ಕೊಡುತ್ತಿದ್ದಳು. ಬೆಳೆಯುವ ಹುಡುಗ, ವರ್ಷಕ್ಕೊಮ್ಮೆ ಮಾತ್ರ ಕಣ್ಣಿಗೆ ಬೀಳುವವನು. ಅಳತೆಯನ್ನು ಅಂದಾಜಿನಲ್ಲೇ ಹಿಡಿದಿರಬೇಕು. ದೇವರಿಗೆ ಒಪ್ಪಿಸಿದೆ ಅಂತ ಅವಳು ಮಗನನ್ನು ಮನಸ್ಸಿನಿಂದ ತೆಗೆದುಹಾಕಲಿಲ್ಲ. ನೀವೂ ತೆಗೆದುಹಾಕಬೇಕಾಗಿಲ್ಲ.

ಫೇಲಾದದ್ದು ದೇವರ ಉತ್ತರವೇ ಅಂತಲೂ ಕೇಳಿದ್ದೀರಿ. ದಯವಿಟ್ಟು ಹಾಗೆ ತೀರ್ಮಾನ ಮಾಡಬೇಡಿ. ವಾರ್ಡಿನಲ್ಲಿ ದಿನವಿಡೀ ಕನ್ನಡ ಆಡುವ ಹುಡುಗಿಗೆ ಜರ್ಮನ್ ಮಾತಾಡಿ ರೂಢಿಯಾಗುವುದು ಎಲ್ಲಿಂದ? ಅವಳು ಫೇಲಾದರೆ ದೇವರು ನಿಮ್ಮ ಕಡೆ, ಪಾಸಾದರೆ ಅವಳ ಕಡೆ ಅನ್ನುವ ಲೆಕ್ಕ ಸರಿಯಿಲ್ಲ. ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವ ನಮ್ಮ ಸಾಕ್ಷಿ ಕೂಟಗಳೂ ಇದಕ್ಕೆ ಕಾರಣ, ಬಿಡಿ. ಸೀಟು ಸಿಕ್ಕವರು, ವೀಸಾ ಸಿಕ್ಕವರು ಮೈಕ್ ಹಿಡಿಯುತ್ತಾರೆ. ಶರೀರದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿ, ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನಿಸಿಕೊಂಡ ಅಪೊಸ್ತಲ ಪೌಲನಂಥವರಿಗೆ ನಾವು ಮೈಕ್ ಕೊಡುವುದೇ ಅಪರೂಪ.

ಮೈಸೂರು ಸೀಮೆಯ ಎಷ್ಟೋ ಹಳೆಯ ಸಭೆಗಳು ವೆಸ್ಲಿಯನ್ ಮಿಷನ್ ಕಟ್ಟಿದವು. ಆ ಪರಂಪರೆಯಲ್ಲಿ ಒಂದು ಒಡಂಬಡಿಕೆಯ ಆರಾಧನೆ ಇದೆ, ತಮ್ಮನ್ನು ದೇವರಿಗೆ ಮತ್ತೆ ಒಪ್ಪಿಸಿಕೊಳ್ಳುವ ಆರಾಧನೆ. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ ಅದನ್ನು 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದರು. ಸಾಮಾನ್ಯವಾಗಿ ಹೊಸ ವರ್ಷದ ಹೊತ್ತಿಗೆ ನಡೆಯುತ್ತದೆ. ಅದರ ಪ್ರಾರ್ಥನೆಯಲ್ಲಿ, ನಿನಗಾಗಿ ದುಡಿಯುವುದಕ್ಕೂ ಸಿದ್ಧ, ನಿನಗಾಗಿ ಪಕ್ಕಕ್ಕೆ ಸರಿಯುವುದಕ್ಕೂ ಸಿದ್ಧ ಅನ್ನುವ ಅರ್ಥದ ಮಾತು ಬರುತ್ತದೆ. ಮೊದಲನೆಯದನ್ನು ಎಲ್ಲರೂ ಜೋರಾಗಿಯೇ ಹೇಳಬಹುದು. ನಿಮಗೆ ಕಷ್ಟವಾಗಿರುವುದು ಎರಡನೆಯದು. ಮಗಳಿಗೆ ಇಷ್ಟು ವರ್ಷ ಊಟ, ಬಟ್ಟೆ, ಫೀಸು ಎಲ್ಲ ನೀವೇ. ಇನ್ನು ಮೇಲೆ ನೀವಿಲ್ಲದೆಯೂ ಅವಳ ದಿನ ನಡೆಯುತ್ತದೆ. ಒಪ್ಪಿಸಬೇಕಾದದ್ದು ಇದನ್ನು. ಅವಳ ಆಸೆಯನ್ನು ಒಪ್ಪಿಸುವುದು ಬಿಡುವುದು ಅವಳಿಗೆ ಸೇರಿದ್ದು, ಅದು ನಿಮ್ಮ ಕೈಯಲ್ಲಿಲ್ಲ.

ಹಾಗಾದರೆ ಏನು ಮಾಡುವುದು? ಕೆಲವು ದಿನ ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಬೇಡಿ, ಸುಮ್ನೆ ಕೂತಿರಿ. ಮನೆಯಲ್ಲಿ ಮಾತ್ರ, ಅವಳು ಹೋಗುವುದು ನನಗಿಷ್ಟವಿಲ್ಲ ಕರ್ತನೇ, ಒಬ್ಬಳೇ ಇರುವುದಕ್ಕೆ ಭಯ ಅಂತ ನೇರವಾಗಿ ಹೇಳಿ. ‘ನಿನ್ನ ಚಿತ್ತ’ ಅನ್ನುವ ಮಾತು ಬರುವಾಗ ಬರಲಿ. ಮತ್ತೆ, ದೇವರಿಗೆ ಹೇಳಿದ್ದನ್ನೇ ಅವಳು ರಜೆಗೆ ಮಂಡ್ಯಕ್ಕೆ ಬಂದಾಗ ಅವಳಿಗೂ ಹೇಳಿ. ತಡೆಯುವುದಕ್ಕಲ್ಲ, ಅಮ್ಮನ ಮನಸ್ಸಿನಲ್ಲಿ ಏನಿದೆ ಅಂತ ಅವಳಿಗೂ ಗೊತ್ತಿರಲಿ ಅಂತ. ರಾತ್ರಿ ಹೊತ್ತು ಹುಷಾರಿಲ್ಲದಾದರೆ ಯಾರಿಗೆ ಫೋನ್ ಮಾಡುವುದು, ಮಂಡ್ಯದ ಮನೆ ಇಟ್ಟುಕೊಳ್ಳುವುದೋ, ತಂಗಿಯ ಊರಿಗೆ ಹೋಗುವುದೋ, ಇದನ್ನೆಲ್ಲ ಇಬ್ಬರೂ ಕೂತು ಈಗಲೇ ಮಾತಾಡಿ. ಪರೀಕ್ಷೆಯನ್ನು ಅವಳು ಮತ್ತೆ ಕಟ್ಟುತ್ತಾಳೆ, ಅದಕ್ಕೆ ಮುಂಚೆ.

ಸಂಪಾದಕ