ಹೆಣ್ಣುಮಕ್ಕಳು ದುಡಿಯೋಕೆ ದೇಶ ಬಿಟ್ಟು ಹೋದರೆ ನಿಜವಾಗಿ ಸಬಲರಾಗ್ತಾರಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಅಕ್ಕನ ಮಗಳಿಗೆ 26 ವರ್ಷ. ಒಂಬತ್ತನೇ ಕ್ಲಾಸಿಗೇ ಓದು ನಿಂತಿದೆ. ಕುವೈತ್‌ಗೆ ಮನೆಗೆಲಸಕ್ಕೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವಳಮ್ಮ ಹೋಗಲಿ ಅಂತಾರೆ, ಅಪ್ಪ ಬೇಡವೇ ಬೇಡ ಅಂತಾರೆ. ಏಷ್ಯಾದ ಇಷ್ಟೊಂದು ದೇಶಗಳಿಂದ ಹೆಂಗಸರು ಹೀಗೆ ಹೋಗಿದ್ದಾರಲ್ಲ, ಅದರಿಂದ ಅವರಿಗೆ ನಿಜವಾಗಿ ಬಲ ಬಂದಿದೆಯಾ ಅಂತ ಕೇಳಿದ್ದೀರಿ.

ಕೆಲವರಿಗೆ ಬಂದಿದೆ. ಕೆಲವರಿಗೆ ಇದ್ದದ್ದೂ ಹೋಗಿದೆ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಆಮೇಲೆ ಗಂಡನ ಕೆಲಸದ ಸಲುವಾಗಿ ಆರು ವರ್ಷ ಹಾಂಗ್‌ಕಾಂಗ್‌ನಲ್ಲಿದ್ದೆ. ಎರಡೂ ಕಡೆ ಊರು ಬಿಟ್ಟು ಬಂದು ದುಡಿಯುವ ಹೆಂಗಸರನ್ನು ಹತ್ತಿರದಿಂದ ನೋಡಿದ್ದೇನೆ. ಸಂಬಳ ಎಷ್ಟು ಅನ್ನುವುದಕ್ಕಿಂತ ಮೊದಲು ನಾನು ಈಗ ಕೇಳುವ ಪ್ರಶ್ನೆ ಒಂದೇ. ಬೇಡ ಅನ್ನಿಸಿದ ದಿನ ಅವಳು ಆ ಕೆಲಸ ಬಿಟ್ಟು ಬರೋಕಾಗುತ್ತಾ?

ಹಾಂಗ್‌ಕಾಂಗ್‌ನಲ್ಲಿ ಸೆಂಟ್ರಲ್ ಅಂತ ಒಂದು ಜಾಗವಿದೆ. ವಾರವಿಡೀ ಬ್ಯಾಂಕಿನವರು ಓಡಾಡುವ ಜಾಗ. ಭಾನುವಾರ ಅಲ್ಲಿನ ಚೇಟರ್ ರೋಡಿನಲ್ಲಿ ವಾಹನ ಬಿಡುವುದಿಲ್ಲ. ಬೆಳಗ್ಗೆಯಿಂದಲೇ ಫಿಲಿಪೀನ್ಸ್‌ನ ಹೆಂಗಸರು ಬಂದು ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹಾಸಿ ಕೂರುತ್ತಾರೆ. ಒಬ್ಬರ ತಲೆ ಇನ್ನೊಬ್ಬರು ಬಾಚುತ್ತಾರೆ. ಮನೆಯಿಂದ ತಂದ ಅನ್ನ ಹಂಚಿಕೊಳ್ಳುತ್ತಾರೆ. ಊರಿಗೆ ಕಳಿಸುವ ದೊಡ್ಡ ಪೆಟ್ಟಿಗೆಗೆ ಸೋಪು, ಚಾಕಲೇಟು, ಮಕ್ಕಳ ಶೂ ತುಂಬುತ್ತಾರೆ. ಇಂಡೋನೇಷ್ಯಾದವರು ಸೇರುವುದು ವಿಕ್ಟೋರಿಯಾ ಪಾರ್ಕ್‌ನಲ್ಲಿ. ಆ ಒಂದೇ ನಗರದಲ್ಲಿ ಹೀಗೆ ಮನೆಗೆಲಸಕ್ಕೆ ಬಂದವರು 3 ಲಕ್ಷಕ್ಕೂ ಜಾಸ್ತಿ. ವಾರಕ್ಕೊಂದು ರಜೆ ಅಲ್ಲಿ ಕಾನೂನಿನಲ್ಲೇ ಇದೆ. ಅವರಿಗೆ ಯೂನಿಯನ್ ಕಟ್ಟುವ ಹಕ್ಕೂ ಇದೆ.

ನಮ್ಮ ಎದುರು ಮನೆಯಲ್ಲಿ ಕೆಲಸಕ್ಕಿದ್ದ ಫಿಲಿಪೀನ್ಸ್‌ನ ಹೆಂಗಸನ್ನು ನಾನು ಆತೆ ಅಂತ ಕರೆಯುತ್ತಿದ್ದೆ. ಅವರ ಭಾಷೆಯಲ್ಲಿ ಅಕ್ಕ ಅಂತ ಅರ್ಥ. ಕೇಳೋಕೆ ನಮ್ಮ ಅತ್ತೆ ಅಂದ ಹಾಗೇ ಇರುತ್ತಿತ್ತು. ಊರಿನಲ್ಲಿ ಶಾಲೆಯ ಟೀಚರ್ ಆಗಿದ್ದವರು. ಆ ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಲು ಆಗದೆ ಹಾಂಗ್‌ಕಾಂಗ್‌ಗೆ ಬಂದು ಬೇರೆಯವರ ಮಕ್ಕಳ ಟಿಫಿನ್ ಕಟ್ಟುತ್ತಿದ್ದರು. ಒಂದು ಭಾನುವಾರ ಚೀಲದಿಂದ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಿದ್ದರು. ತಂಗಿಯ ನರ್ಸಿಂಗ್ ಫೀಸು, ಅಪ್ಪನ ಬಿಪಿ ಮಾತ್ರೆ, ಮನೆಯ ತಗಡು, ಸಿಮೆಂಟು. ಕೊನೆಯಲ್ಲಿ ತಮ್ಮ ಹೆಸರಿನ ಒಂದು ಕಾಲಂ. ಅದರಲ್ಲಿ ಎಷ್ಟೋ ತಿಂಗಳು ಶಾಂಪೂ, ಫೋನ್ ಕರೆನ್ಸಿ ಬಿಟ್ಟರೆ ಏನೂ ಇರಲಿಲ್ಲ.

ಎಂಟು ವರ್ಷ ಅವರ ದುಡ್ಡು ಹೋಗಿದ್ದು ಗಂಡನ ಖಾತೆಗೆ. ರಜೆಗೆ ಊರಿಗೆ ಹೋದಾಗಲೇ ಅವರಿಗೆ ಗೊತ್ತಾಗಿದ್ದು, ತಾನು ಕಟ್ಟಿಸಿದ ಮನೆಯ ಜಾಗ ಮೈದುನನ ಹೆಸರಿನಲ್ಲಿದೆ ಅಂತ. ಜಗಳ ಆಡಲಿಲ್ಲವಂತೆ. ವಾಪಸ್ ಬಂದು ಭಾನುವಾರದ ಗುಂಪಿನಲ್ಲಿ ಹೇಳಿಕೊಂಡು ಅತ್ತಿದ್ದಾರೆ. ಮುಂದಿನ ವಾರವೇ ಗುಂಪಿನವರೊಬ್ಬರು ಜೊತೆಗೆ ಹೋಗಿ ಅವರ ಹೆಸರಿನಲ್ಲೇ ಖಾತೆ ತೆರೆಸಿದರು. ಅಲ್ಲಿಂದಾಚೆ ಊರಿಗೆ ಕಳಿಸುವ ಮೊದಲು ಅದಕ್ಕೆ ಒಂದಿಷ್ಟು ಹಾಕುವುದು ರೂಢಿಯಾಯಿತು.

ಆ ದುಡ್ಡು ಏನು ಮಾಡಿತು ಅಂತ ಎರಡು ವರ್ಷದ ನಂತರ ಕಣ್ಣಾರೆ ಕಂಡೆ. ಎದುರು ಮನೆಯವರು ಅವರನ್ನು ಕೆಲಸದಿಂದ ಬಿಡಿಸಿದರು. ಹಾಂಗ್‌ಕಾಂಗ್‌ನಲ್ಲಿ 1987ರಿಂದ ಒಂದು ನಿಯಮವಿದೆ. ಕರಾರು ಮುರಿದುಬಿದ್ದರೆ ಎರಡು ವಾರದೊಳಗೆ ದೇಶ ಬಿಡಬೇಕು. 2003ರಿಂದ ಮಾಲೀಕರ ಮನೆಯಲ್ಲೇ ಇರಬೇಕು ಅನ್ನುವುದೂ ಕಡ್ಡಾಯ. ಅಂದರೆ ಕೆಲಸ ಹೋದ ದಿನವೇ ತಲೆ ಮೇಲಿನ ಸೂರೂ ಹೋಗುತ್ತದೆ, ವೀಸಾದ ಗಡಿಯಾರವೂ ಓಡಲು ಶುರುವಾಗುತ್ತದೆ. ಆತೆ ಒಂದು ಸೂಟ್‌ಕೇಸ್, ಒಂದು ಅಕ್ಕಿ ಕುಕ್ಕರ್ ಹಿಡಿದು ಲಿಫ್ಟ್ ಮುಂದೆ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದೇ ವಾರ ಒಂದು ಏಜೆನ್ಸಿಯವರು ಹೊಸ ಮನೆ ತೋರಿಸಿದರು. ಐದು ಜನರ ಮನೆ, ಹಾಸಿಗೆ ಹಿಡಿದ ಅಜ್ಜ, ಮಲಗಲು ಅಡುಗೆಮನೆಯ ನೆಲ. ಆತೆ ಒಲ್ಲೆ ಅಂದರು. ಊರಿಗೆ ಹೋಗಿ ನಾಲ್ಕು ತಿಂಗಳು ಕೂತು, ಒಳ್ಳೆಯ ಮನೆ ಸಿಕ್ಕ ಮೇಲೆ ವಾಪಸ್ ಬಂದರು. 'ಮೊದಲಿನ ಹಾಗೆ ಕೈ ಖಾಲಿ ಇದ್ದಿದ್ದರೆ ಆ ಮನೆಗೇ ಹೋಗಿರುತ್ತಿದ್ದೆ' ಅಂದರು ನನ್ನ ಹತ್ತಿರ.

ಸಬಲೀಕರಣ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಆ ನಾಲ್ಕು ತಿಂಗಳು ನೆನಪಾಗುತ್ತದೆ.

ಹಾಗಂತ ಎಲ್ಲವೂ ಅವರ ಕೈಯಲ್ಲಿತ್ತು ಅಂತ ಅಂದುಕೊಳ್ಳಬೇಡಿ. ಬೇರೆ ವಿದೇಶಿಯರು ಏಳು ವರ್ಷ ಅಲ್ಲಿದ್ದರೆ ಕಾಯಂ ನಿವಾಸಿ ಆಗಬಹುದು. ಮನೆಗೆಲಸದವರು ಇಪ್ಪತ್ತು ವರ್ಷ ಇದ್ದರೂ ಆಗುವುದಿಲ್ಲ. ಎವಾಂಜೆಲಿನ್ ವಲ್ಲೆಹೋಸ್ ಎಂಬಾಕೆ 1986ರಿಂದ ಅಲ್ಲೇ ದುಡಿದು ಈ ವಿಷಯಕ್ಕೆ ಕೋರ್ಟಿಗೆ ಹೋದರು. 2013ರ ಮಾರ್ಚ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತರು. ಫಿಲಿಪೀನ್ಸ್ 1974ರ ಕಾರ್ಮಿಕ ಕಾಯ್ದೆಯಿಂದಲೇ ಜನರನ್ನು ಹೊರದೇಶಕ್ಕೆ ಕಳಿಸುವುದನ್ನು ಸರ್ಕಾರದ ಕಾರ್ಯಕ್ರಮವಾಗಿ ಮಾಡಿಕೊಂಡಿದೆ. ದೇಶಕ್ಕೆ ಡಾಲರ್ ಬರುತ್ತದೆ. ತಾಯಿ ಇಲ್ಲದ ಮನೆಯ ಮಕ್ಕಳನ್ನು ಅಜ್ಜಿ ಅಥವಾ ದೊಡ್ಡ ಮಗಳು ನೋಡಿಕೊಳ್ಳುತ್ತಾರೆ. ಗಂಡಸರು ಆ ಜಾಗಕ್ಕೆ ಬರುವುದು ಕಡಿಮೆ. ಇದು ಅವರ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಸಮಯ 299 ನಿಮಿಷ, ಮಾಡುವ ಗಂಡಸರದ್ದು 97 ನಿಮಿಷ. ಮಾಡುವ ಗಂಡಸರೇ ಕಡಿಮೆ ಅನ್ನುವುದು ಬೇರೆ ಮಾತು.

ಈಗ ಬೆಂಗಳೂರಿಗೆ ಬರುತ್ತೇನೆ. ನಮ್ಮ ಫ್ಯಾಕ್ಟರಿಯಲ್ಲಿ ಟೈಲರ್‌ಗಳು, ಹೆಲ್ಪರ್‌ಗಳು ಮೂರ್ನಾಲ್ಕು ವರ್ಷಕ್ಕೊಮ್ಮೆ ರಾಜೀನಾಮೆ ಕೊಡುತ್ತಿದ್ದರು. ಪಿಎಫ್ ಬಿಡಿಸಿಕೊಂಡು, ಮಗಳ ಫೀಸು ಕಟ್ಟಿ, ಇಲ್ಲಾ ಕೈಸಾಲ ತೀರಿಸಿ, ಮತ್ತೆ ಪಕ್ಕದ ಫ್ಯಾಕ್ಟರಿಗೆ ಸೇರುತ್ತಿದ್ದರು. ಹೊರಗಿನವರಿಗೆ ಇದು ಹುಚ್ಚಾಟದ ಹಾಗೆ ಕಾಣುತ್ತಿತ್ತು. ಫಾರಂ ತುಂಬಿಸಿಕೊಳ್ಳುತ್ತಿದ್ದ ನನಗೆ ಅರ್ಥವಾಗಿದ್ದು ಬೇರೆ. ಗಂಡ, ಅತ್ತೆ ಯಾರೂ ಮುಟ್ಟಲಾಗದ ಇಡುಗಂಟು ಅಂತ ಅವರಿಗಿದ್ದದ್ದು ಅದೊಂದೇ. ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈದ ದಿನ ಎದ್ದು ಹೋಗುವ ಧೈರ್ಯ ಅದರಿಂದ ಬರುತ್ತಿತ್ತು. 2016ರಲ್ಲಿ ಮಾಲೀಕರ ಪಾಲಿನ ಪಿಎಫ್ ಅನ್ನು 58 ವರ್ಷದವರೆಗೆ ಕೊಡುವುದಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತು. ಏಪ್ರಿಲ್ 18ಕ್ಕೆ ಹೆಂಗಸರು ಮಿಷಿನ್ ಬಿಟ್ಟು ರಸ್ತೆಗಿಳಿದರು. ಹೊಸೂರು ರಸ್ತೆ ಬಂದ್ ಆಯಿತು. ದೊಡ್ಡ ಯೂನಿಯನ್‌ಗಳು ಕರೆ ಕೊಟ್ಟು ಆದದ್ದಲ್ಲ ಅದು. ಮಾರನೇ ದಿನವೇ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಅಂದು ಗೇಟಿನ ಹತ್ತಿರ ನಿಂತು ನೋಡಿದ್ದೇನೆ. ತಲೆ ಎತ್ತಿ ಮಾತಾಡದ ಹೆಂಗಸರು ಟಿವಿಯವರ ಮೈಕ್ ಕಿತ್ತುಕೊಂಡು ಲೆಕ್ಕ ಹೇಳುತ್ತಿದ್ದರು.

ಬಿಟ್ಟು ಬರಲಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶದ ಸಾವರ್ ನೋಡಿ. ಅಲ್ಲಿನ ಗಾರ್ಮೆಂಟ್ಸ್ ಹಳ್ಳಿಯ ಲಕ್ಷಾಂತರ ಹುಡುಗಿಯರಿಗೆ ಮೊದಲ ಸಲ ಸ್ವಂತ ಸಂಬಳ ಕೊಟ್ಟಿದೆ. ಫ್ಯಾಕ್ಟರಿ ಹತ್ತಿರವಿರುವ ಊರುಗಳಲ್ಲಿ ಹುಡುಗಿಯರು ಜಾಸ್ತಿ ಓದಿದ್ದಾರೆ, ಮದುವೆ ತಡವಾಗಿದೆ. ಇದು ಸಣ್ಣ ಬದಲಾವಣೆ ಅಲ್ಲ. ಆದರೆ 2013ರ ಏಪ್ರಿಲ್ 23ರಂದು ರಾಣಾ ಪ್ಲಾಜಾ ಕಟ್ಟಡದ ಗೋಡೆಗಳಲ್ಲಿ ಬಿರುಕು ಬಿಟ್ಟಿತು. ಕೆಳಗಿದ್ದ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಅಂಗಡಿಗಳೂ ಮುಚ್ಚಿದವು. ಮೇಲಿನ ಮಹಡಿಗಳಲ್ಲಿ ಬಟ್ಟೆ ಹೊಲಿಯುತ್ತಿದ್ದವರಿಗೆ ಮಾತ್ರ ಮಾರನೇ ದಿನ ಬರಲೇಬೇಕು, ಇಲ್ಲದಿದ್ದರೆ ಸಂಬಳ ಹಿಡಿಯುತ್ತೇವೆ ಅಂದರು. 24ರ ಬೆಳಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಹೆಂಗಸರು. ಬಿರುಕು ಅವರೂ ನೋಡಿದ್ದರು. ಒಂದು ತಿಂಗಳ ಸಂಬಳ ಬಿಟ್ಟುಕೊಡುವ ಶಕ್ತಿ ಅವರಿಗೆ ಇರಲಿಲ್ಲ.

ಊರು ಬಿಟ್ಟ ಮಾತ್ರಕ್ಕೆ ಬಲ ಬರುವುದಿಲ್ಲ ಅನ್ನೋದು ನಮ್ಮ ಗುಳೆ ನೋಡಿದವರಿಗೂ ಗೊತ್ತು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಹೊರಡುವಾಗ ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ಜೋಡಿ ಅಂತ ಲೆಕ್ಕ ಹಿಡಿಯುತ್ತಾರೆ. ಮುಂಗಡ ಗಂಡನ ಕೈಗೆ. ಹೆಂಡತಿ ಬೆಳಗಿನ ಜಾವದಿಂದ ಕಬ್ಬು ಕಟ್ಟಿ, ಹೊರೆ ಹೊತ್ತರೂ ಅವಳ ಹೆಸರಿನಲ್ಲಿ ಒಂದು ರೂಪಾಯಿಯ ಲೆಕ್ಕವಿಲ್ಲ. ತಮಿಳುನಾಡಿನ ನೂಲಿನ ಮಿಲ್‌ಗಳಲ್ಲಿ ಸುಮಂಗಲಿ ಅನ್ನೋ ಹೆಸರಿನ ಪದ್ಧತಿ ಇತ್ತು. ಮೂರು ವರ್ಷ ಹಾಸ್ಟೆಲ್‌ನಲ್ಲಿದ್ದು ದುಡಿದರೆ ಕೊನೆಗೆ ಮದುವೆಗೆ ಒಟ್ಟು ಹಣ. ಮಧ್ಯೆ ಬಿಟ್ಟರೆ ಆ ಹಣ ಸಿಗುವುದು ಅನುಮಾನ. ಕೆಲಸ ಬಿಡದ ಹಾಗೆ ಕಟ್ಟಿಹಾಕುವುದಕ್ಕೆ ಇದಕ್ಕಿಂತ ಸುಲಭದ ದಾರಿ ಬೇಕಾ?

ಇನ್ನು ಕುವೈತ್. ಅಲ್ಲಿ ಕಫಾಲಾ ಅನ್ನೋ ವ್ಯವಸ್ಥೆ ಇದೆ. ಕರೆಸಿಕೊಂಡ ಮಾಲೀಕನೇ ಅಲ್ಲಿನ ವಾಸಕ್ಕೆ ಜವಾಬ್ದಾರ. ಅವನು ಒಪ್ಪದೆ ಬೇರೆ ಮನೆಗೆ ಹೋಗುವುದು ಕಷ್ಟ. ಹೇಳದೆ ಹೊರಗೆ ಬಂದರೆ ಓಡಿಹೋದಳು ಅಂತ ದೂರು ಕೊಡಬಹುದು, ಆಗ ತಪ್ಪಿತಸ್ಥೆ ಅವಳೇ ಆಗುತ್ತಾಳೆ. ಕುವೈತ್ 2015ರಲ್ಲಿ ಮನೆಗೆಲಸದವರಿಗಾಗಿಯೇ ಕಾನೂನು ಮಾಡಿತು. ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಪಾಸ್‌ಪೋರ್ಟ್ ಕಸಿದುಕೊಳ್ಳುವಂತಿಲ್ಲ. ಕಾನೂನು ಒಳ್ಳೆಯದೇ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಅದು ನಡೆಯುತ್ತಿದೆಯಾ ಅಂತ ನೋಡುವವರು ಯಾರು? ಹಾಂಗ್‌ಕಾಂಗ್‌ನ ಭಾನುವಾರದ ಹಾಗೆ ನಾಲ್ಕು ಜನ ಸೇರಿ ಮಾತಾಡುವ ಜಾಗ ಇದ್ದರೆ ಅರ್ಧ ಸಂಕಟ ಹೊರಗೆ ಬರುತ್ತದೆ.

ಅಪ್ಪನ ಬೇಡ ಅನ್ನುವ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಸರ್ಕಾರಗಳೇ ಆ ದಾರಿ ಹಿಡಿದು ನೋಡಿವೆ. ಶ್ರೀಲಂಕಾ 2013ರಿಂದ ಐದು ವರ್ಷಕ್ಕಿಂತ ಸಣ್ಣ ಮಕ್ಕಳಿರುವ ತಾಯಂದಿರು ಮನೆಗೆಲಸಕ್ಕೆ ಹೋಗದ ಹಾಗೆ ತಡೆಯಿತು, 2022ರಲ್ಲಿ ಆ ಮಿತಿಯನ್ನು ಎರಡು ವರ್ಷಕ್ಕೆ ಇಳಿಸಿತು. ಇಂಡೋನೇಷ್ಯಾ 2015ರಲ್ಲಿ, ನೇಪಾಳ 2017ರಲ್ಲಿ ಕೊಲ್ಲಿ ಕಡೆಗೆ ಮನೆಗೆಲಸಕ್ಕೆ ಕಳಿಸುವುದನ್ನು ನಿಲ್ಲಿಸಿದವು. ಹೆಂಗಸರು ಹೋಗುವುದು ನಿಲ್ಲಲಿಲ್ಲ. ನೇಪಾಳದವರು ಭಾರತದ ಮೂಲಕ ಕಳ್ಳದಾರಿಯಲ್ಲಿ ಹೋದರು. ಕಾಗದವಿಲ್ಲದೆ ಹೋದವಳು ರಾಯಭಾರ ಕಚೇರಿಗೆ ಹೋಗಲೂ ಹೆದರುತ್ತಾಳೆ. ಕಾಪಾಡುತ್ತೇವೆ ಅಂತ ಬಾಗಿಲು ಹಾಕಿದರೆ ಏಜೆಂಟನಿಗೇ ಲಾಭ.

ನಮ್ಮಲ್ಲೂ ಅಂಥದ್ದೇ ಒಂದು ನಿಯಮ ಇದೆ, ಅದು ನಿಮ್ಮ ಅಕ್ಕನ ಮಗಳಿಗೆ ನೇರವಾಗಿ ತಾಗುತ್ತದೆ. ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಿಗುವುದು ಇಸಿಆರ್ ಪಾಸ್‌ಪೋರ್ಟ್. ಅದನ್ನು ಹಿಡಿದು ಕುವೈತ್‌ನಂಥ ದೇಶಕ್ಕೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಹೆಂಗಸರಿಗೆ 30 ವರ್ಷ ತುಂಬದೆ ಅದು ಸಿಗುವುದಿಲ್ಲ. ತುಂಬಿದರೂ ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಅವಳಿಗೆ 26. ಹಾಗಿದ್ದರೆ ಅವಳಿಗೆ ಆಸೆ ತೋರಿಸಿದ ಏಜೆಂಟ್ ಯಾವ ದಾರಿಯಲ್ಲಿ ಕಳಿಸುತ್ತಾನೆ ಅಂತ ಇವತ್ತೇ ಕೇಳಿ. 'ಮೊದಲು ವಿಸಿಟ್ ವೀಸಾದಲ್ಲಿ ದುಬೈಗೆ, ಅಲ್ಲಿಂದ ನೋಡೋಣ' ಅಂದರೆ ಖಂಡಿತ ಬೇಡ. ಆ ದಾರಿಯಲ್ಲಿ ಹೋದವಳಿಗೆ ಅಲ್ಲಿ ಕರಾರೂ ಇರುವುದಿಲ್ಲ, ಇಲ್ಲಿ ದಾಖಲೆಯೂ ಇರುವುದಿಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಫೀಸು 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಟಲೆ ಕೇಳಿದರೆ, ಅದಕ್ಕೆ ನೀವು ಬಡ್ಡಿಗೆ ಸಾಲ ತಂದರೆ, ಅವಳು ವಿಮಾನ ಹತ್ತುವ ಮೊದಲೇ ವಾಪಸ್ ಬರುವ ದಾರಿ ಮುಚ್ಚಿದ ಹಾಗೆ.

ಅವಳ ಹಟ ನನಗೆ ಇಷ್ಟವಾಯಿತು. ಅದನ್ನು ಮುರಿಯಬೇಡಿ. ಎಸ್‌ಎಸ್‌ಎಲ್‌ಸಿಗೆ ಖಾಸಗಿಯಾಗಿ ಕಟ್ಟಿಸಿ. ಪಾಸಾದರೆ ಇಸಿಆರ್ ಮುದ್ರೆ ಇಲ್ಲದ ಪಾಸ್‌ಪೋರ್ಟ್ ಸಿಗುತ್ತದೆ, ಮನೆಗೆಲಸ ಬಿಟ್ಟು ಬೇರೆ ಕೆಲಸಗಳ ಬಾಗಿಲೂ ತೆರೆಯುತ್ತದೆ. ಅಷ್ಟರಲ್ಲಿ ಅವಳೊಬ್ಬಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಮಾಡಿಸಿ, ಎಟಿಎಂ ಕಾರ್ಡು ಅವಳ ಹತ್ತಿರವೇ ಇರಲಿ. ಈಗ ಏನೇ ದುಡಿದರೂ ಮೊದಲು ಅಲ್ಲಿಗೆ ಬರಲಿ. ಏಜೆಂಟ್ ಏನಾದರೂ ಕಾಗದ ಕೊಟ್ಟಿದ್ದರೆ ಹೆಸರು, ನಂಬರ್ ಮುಚ್ಚಿ ಇಲ್ಲಿ ಹಾಕಿ. ನಾನು ಓದಿ ಹೇಳುತ್ತೇನೆ.